ಅವ್ವನ ಕಣ್ಣೂ ಎರಡು ಮಷಿನೂ

ಚಷ್ಮಾದ ನಂಬರ್ ನೋಡಸೂಣು ಅಂತ ಅವ್ವನ್ನ ಉಮರ್ಗಾಕ್ಕ ಕರಕೊಂಡು ಹೋದ್ರ, ಅಲ್ಲಿ ಡಾಕ್ಟರ್ ಕಣ್ಣಿನೊಳಗಿನ ಪ್ರೆಷರ್ ಹೆಚ್ಚಾಗೂ ಅಂಚಿಗೆ ಬಂದದ ಅಂದ್ರು. ಔಷಧ ಸುರು ಮಾಡೂಕಿಂತ ಮೊದಲು ಕಾರ್ನಿಯಾದ್ದು, ಅಂದ್ರ ಕಣ್ಣಿನ ಮುಂದಿನ ಪರದೀದು, ದಪ್ಪ ಅಳೀಬೇಕಂತ. ಪರದಿ ದಪ್ಪಿದ್ರ ಪ್ರೆಷರ್ ಸುಳ್ಳೇ ಹೆಚ್ಚು ತೋರಸ್ತದ, ಚಿಂತಿಲ್ಲ. ತೆಳ್ಳಗಿದ್ರ ಖರೇ ಪ್ರೆಷರ್ ಇನ್ನೂ ಹೆಚ್ಚಿರ್ತದ, ಜನ್ಮಪೂರ್ತಿ ಹನಿ ಹಾಕಬೇಕು, ಬಿಟ್ರ ದೃಷ್ಟಿ ಸದ್ದಿಲ್ಲದ ಹೋಗ್ತದ.

"ನಂದು ದಪ್ಪೇ ಅದ," ಅಂದ್ಳು ಅವ್ವ, ಅಳಿಯೂಕಿಂತ ಮೊದಲೇ.

ಅಲ್ಲಿದ್ದದ್ದು ಹಳೇ ಮಷಿನ್. ಕಣ್ಣಿಗೆ ಜೋಮು ಹಿಡಿಯೂ ಔಷಧ ಹಾಕಿ, ಪೆನ್ನಿನಂಥಾದ್ದೊಂದು ಮುಟ್ಟಿಸಿ ಅಳೀತಾರ. ತೆಳ್ಳಗದ ಅಂತ ಬಂತು. ಅವ್ವ ಒಪ್ಪತಾಳೇನು? "ಕಡ್ಡಿ ಹಚ್ಚಿ ಒತ್ತಿದ್ರ ತೆಳ್ಳಗಾಗಲಾರದ ಏನಾಗ್ತದ? ಬಡದ್ರ ರೊಟ್ಟಿನೂ ತೆಳ್ಳಗಾಗ್ತದ!" ಮುಟ್ಟಲಾರದ ಅಳಿಯೂ ಮಷಿನ್ ಹುಡುಕು ಅಂತ ನನಗ ಗಂಟುಬಿದ್ಳು. ಸಿಟ್ಟು ನೆತ್ತಿಗೇರಿತ್ತು ನನಗ. ಖರೆ ಅಂದ್ರ, ಸಿಟ್ಟಿಗಿಂತ ಅಂಜಿಕಿ ಹೆಚ್ಚಿತ್ತು.

ಅಂಥಾ ಮಷಿನ್ ಉದಗೀರದಾಗ ಆಗಷ್ಟೇ ಬಂದಿತ್ತು. ಅಲ್ಲಿ ಡಾಕ್ಟರರ ಮನಿತನಕ್ಕ ನಮ್ಮಪ್ಪನೇ ಅಯ್ಯ, ಅವರ ಮನಿ ಪೂಜಾ ಎಲ್ಲಾ ಅವಂದೇ. ಮಷಿನಿನ ಪೂಜಾಕ್ಕೂ ಹೇಳಿಕಳಿಸಿದ್ರು. "ಮೊದಲ ಕಣ್ಣು ನಮ್ಮಾಕೀದೇ," ಅಂತ ಅಪ್ಪ ಶರತ್ತು ಹಾಕಿದ. ಮೂವರೂ ಹೋದ್ವಿ. ಅಪ್ಪ ಕಾಯಿ ಒಡದ, ಊದಿನಕಡ್ಡಿ ಬೆಳಗಿದ. ಆಮ್ಯಾಲ ಮಷಿನಿಗೆ ಹಣಿ ಎಲ್ಲದ ಅಂತ ಹುಡುಕಿ, ನಟ್ಟನಡುವ ಕಂಡ ದುಂಡನ್ನ ಲೆನ್ಸಿನ ಕಾಜಿನ ಮ್ಯಾಲ ಮೂರು ಬೆರಳಿಂದ ಹಸಿ ವಿಭೂತಿ ಎಳದೇಬಿಟ್ಟ.

ಅವ್ವ ಗದ್ದ ಊರಿ ಕುಂತಳು. ಮಷಿನ್ ಗುಂಯ್ ಅಂತು, ಅಳತಿ ಬರಲಿಲ್ಲ. ಮತ್ತ ಗುಂಡಿ ಒತ್ತಿದ್ರೂ ಬರಲಿಲ್ಲ.

"ನೋಡು! ಅಳತೀಗೇ ಸಿಗಲಾರದಷ್ಟು ದಪ್ಪ ಅದ!" ಅವ್ವ ಕುಂತಲ್ಲೇ ಕುಣದ್ಳು.

ಮಷಿನ್ ನಡಸೂ ಹೆಣ್ಣಮಗಳು ಬಗ್ಗಿ ನೋಡಿ ಹಣಿ ಬಡಕೊಂಡ್ಳು. "ಅಹೋ ಕಾಕಾ, ಹೇ ಕಾಯ್ ಕೇಲಂತ!" ಏನ್ ಮಾಡಿದ್ರಿ ಇದು ಅಂತ ಮರಾಠ್ಯಾಗ ಚೀರಿ ಕಾಜು ಒರಸಾಕ ಹತ್ತಿದ್ಳು. ಅಪ್ಪ ಮೂಲ್ಯಾಗ ಕಾಯಿಹೋಳು ಹಿಡಕೊಂಡು ಮೆತ್ತಗ ನಿಂತ.

ಒರಸಿದ ಮ್ಯಾಲ ಬಂದ ಅಳತಿ ಉಮರ್ಗಾದ್ದಕ್ಕಿಂತ ಇನ್ನಷ್ಟು ಕಡಿಮಿ.

"ಹಂಗಾದ್ರ ಉಮರ್ಗಾದ್ದೇ ಛಲೋ, ಅದನ್ನೇ ಇಟ್ಕೊಳ್ರಿ," ಅಂದ್ಳು ಅವ್ವ, ಬಜಾರದಾಗ ಬದನಿಕಾಯಿ ಆರಸಿದಂಗ. ಡಾಕ್ಟರ್ ನಕ್ಕರು. ಎರಡು ನಮೂನಿ ಮಷಿನ್ ಅಳತಿ ಹಿಂಗ ಹೆಚ್ಚುಕಡಿಮಿ ಬರೂದೇ, ಇನ್ನ ಮ್ಯಾಲ ಒಂದರಾಗೇ ಅಳಸ್ರಿ ಅಂದ್ರು. ಆದ್ರ ತೆಳ್ಳಗದ ಅನ್ನೂದು ಎರಡೂ ಹೇಳ್ಯಾವ, ಇವತ್ತಿಂದ ಹನಿ ಸುರು.

ತಿರುಗಿ ಬರೂವಾಗ ನಿಲಂಗಾ ಸ್ಟ್ಯಾಂಡಿನ್ಯಾಗ ಅಪ್ಪ ಚಾ ತಂದ. ಅವ್ವ ಮುಟ್ಟಲಿಲ್ಲ. "ಕಣ್ಣು ಹೋದ್ರ ನಾ ಯಾರ ಕೈ ಹಿಡಕೊಂಡು ತಿರಗ್ಲಿ?" ಅಂತ ಒಮ್ಮೆಲೇ ಅತ್ತಳು. ನನ್ನ ಸಿಟ್ಟೆಲ್ಲಾ ಇಳದೇಹೋತು.

ಈಗ ದೀಪ ಹಚ್ಚೂ ಹೊತ್ತಿಗೆ ಅಪ್ಪನೇ ಹನಿ ಹಾಕ್ತಾನ. ವಿಭೂತಿ ಬೆರಳು ಸಾಬಾಣ ಹಚ್ಚಿ ತೊಳದು ಅವ್ವಗ ತೋರಸ್ತಾನ. ಆಕಿ "ಇನ್ನೊಮ್ಮೆ" ಅಂದ್ರ ಮತ್ತ ತೊಳೀತಾನ. ನಿನ್ನಿ ಒಂದು ಕಣ್ಣಿಗೆ ಹನಿ ಬಿದ್ದ ಮ್ಯಾಲ ಅವ್ವ ಇನ್ನೊಂದು ಕಣ್ಣಿಲೆ ಅಪ್ಪನ ಮುಖಾನೇ ನೋಡಿದ್ಳು.

"ಇಷ್ಟೆಲ್ಲಾ ಮಾಡಿ, ಜನ್ಮಪೂರ್ತಿ ಇದೇ ಮುಖ ನೋಡಬೇಕೇನ್ರೀ?"

"ನೋಡು," ಅಂದ ಅಪ್ಪ, ಹನಿ ಹಾಕಾಕ ಆ ಕಣ್ಣಿನ ರೆಪ್ಪಿನೂ ಮೆಲ್ಲಕ ಎಳದು.