ಸ್ಲೇಟಿನಲ್ಲಿ ಕಂಡ ಗಾಳಿ

ಮೊಮ್ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ 'ಅ' ಬರೆಯಲು ಕೂತರೆ ಬೆವರುತ್ತಿದ್ದಳು. ಬಾಯಲ್ಲಿ ಪಟಪಟ ಹೇಳುತ್ತಾಳೆ, ಕೈಗೆ ಬರುವುದಿಲ್ಲ. ಸೊಸೆ ಮೊದಲು ಹೊಡೆದಳು. ಆಮೇಲೆ ಹೆದರಿದಳು. ಮಗುವಿಗೆ ಏನೋ ಸೋಂಕಿದೆ, ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರ ಕೇಳಬೇಕು, ಇನ್ನು ಶಾಲೆ ಬೇಡ ಎಂದಳು.

ಅದೇ ವಾರ ಕುಂದಾಪುರದಿಂದ ಒಬ್ಬ ಹೆಂಗಸು ಬಿಜೂರಿನ ಶಾಲೆಗೆ ಬಂದಳು, ಸಣ್ಣ ಮಕ್ಕಳ ಕೈಬರಹ ಪರೀಕ್ಷೆ ಮಾಡಲು. ಸೊಸೆ ಗೇರುಬೀಜದ ಕಾರ್ಖಾನೆಗೆ ರಜೆ ಹಾಕಿದಳು. ನಾನೂ ಹೋದೆ. ಸ್ಲೇಟಿನ ಹಾಗಿನ ಯಂತ್ರ, ಟ್ಯಾಬ್ ಅಂತೆ. ಅದರ ಮೇಲೆ ಮೊಮ್ಮಗಳು ಪ್ಲಾಸ್ಟಿಕ್ ಕಡ್ಡಿಯಲ್ಲಿ 'ಅ' ಬರೆದಳು. ಸೊಟ್ಟ 'ಅ'. ಮುಗಿಯಿತು ಅಂದುಕೊಂಡೆ.

ಹೆಂಗಸು ಅದನ್ನು ಅಳಿಸಿ ಎಲ್ಲೋ ಒತ್ತಿದಳು. ಕಡ್ಡಿ ಮೇಜಿನ ಮೇಲಿದೆ. ಮಗುವಿನ ಎರಡೂ ಕೈಗಳು ಮಡಿಲಲ್ಲಿವೆ. ಸ್ಲೇಟು ತಾನೇ ಬರೆಯತೊಡಗಿತು. ಅದೇ 'ಅ', ಅದೇ ತಡವರಿಕೆ. ಕಪ್ಪು ಗೆರೆ ನಿಂತಲ್ಲಿ ಸಪೂರ ಕೆಂಪು ಗೆರೆ ಹುಟ್ಟಿತು. ದಾರಿ ತಪ್ಪಿದ ಇರುವೆಯ ಹಾಗೆ ಸುತ್ತಿ ಸುತ್ತಿ ಮತ್ತೆ ಕಪ್ಪಿಗೆ ಬಂತು. ಕಪ್ಪಿಗಿಂತ ಕೆಂಪೇ ಜಾಸ್ತಿ.

"ಕೆಂಪು ಎಂತದ್?" ಎಂದೆ.

"ಅದ್ ಗಾಳಿ ಅಮ್ಮಾ. ಇವ್ಳಿಗ್ ಗಾಳಿ ಜಾಸ್ತಿ."

ನಮ್ಮಲ್ಲಿ ಗಾಳಿ ಅಂದರೆ ಬೀಸುವುದು ಮಾತ್ರ ಅಲ್ಲ, ದೆವ್ವವಾಗಿ ಹಿಡಿಯುವುದೂ ಹೌದು. ಸೊಸೆ ಎದ್ದೇ ಬಿಟ್ಟಳು. "ಕಂಡ್ರ್ಯಾ ಅತ್ತೆ? ನಾ ಹೇಳದ್ ಸುಳ್ಳಾ? ಮಿಶಿನಿಗೂ ಕಂಡ್ತ್!" ಮಗುವಿನ ರಟ್ಟೆ ಹಿಡಿದು ಬಾಗಿಲಿಗೆ ಎಳೆದಳು.

"ಹ್ವಾಯ್, ನಿಲ್ಲಿ! ಆ ಗಾಳಿ ಅಲ್ಲ ಮಾರಾಯ್ರೆ! ಮುಂದೆ ಹ್ಯಾಂಗ್ ಹೋಯ್ಕ್ ಅಂದೇಳಿ ಕೈಗ್ ಗೊತ್ತಾತಿಲ್ಲ. ಅದಕ್ ಕಡ್ಡಿ ಎತ್ಕಂಡ್ ಗಾಳಿಯಗೇ ತಿರಗ್ತ್. ಅದನ್ನೇ ಕೆಂಪಲ್ ತೋರ್ಸುದ್. ಬೇಗ ಗೊತ್ತಾಯ್ತಲ್ಲ, ಕಲ್ಸಿರೆ ಸರಿ ಆತ್ತ್."

"ಗಾಳಿ ಇಪ್ಪುದ್ ಹೌದಲ್ದಾ?" ಸೊಸೆ ರಟ್ಟೆ ಬಿಡಲಿಲ್ಲ.

ನಾನು ಕಡ್ಡಿ ತೆಗೆದುಕೊಂಡೆ. ಮುದುಕಿಯಾದ ಮೇಲೆ ಸಾಕ್ಷರತೆಯ ಕ್ಲಾಸಿನಲ್ಲಿ ರುಜು ಹಾಕಲು ಕಲಿತವಳು. ನನ್ನ ಹೆಸರು ಶುರುವಾಗುವುದೂ 'ಅ'ದಿಂದ. ಬರೆದೆ. ಹೆಂಗಸು ಒತ್ತಿದಳು. ನನ್ನ ಕೈಯಿಲ್ಲದೆ ನನ್ನ ಅಕ್ಷರ ಎದ್ದು ಬಂತು. ಮಗುವಿನ ಕೆಂಪು ಹುಟ್ಟಿದಲ್ಲೇ ನನ್ನ ಕೆಂಪೂ ಹುಟ್ಟಿತು. ಅದೇ ಮಗ್ಗುಲಿಗೆ ಸುತ್ತಿತು.

ಸೊಸೆ ನನ್ನ ಮುಖ ನೋಡಿದಳು. "ನಿಮ್ಗೂ ಇತ್ತಾ?"

"ಇದ್ರೆ ಹುಟ್ಟಿದಾಗಿಂದ್ಲೂ ಇತ್ತ್. ಅದೇ ಗಾಳಿ ನಿನ್ ಗಂಡನ್ನ ಹೆತ್ತದ್, ನಿಂಗ್ ದಿನಾ ಗಂಜಿ ಬೇಯ್ಸಿ ಹಾಕೂದ್. ಪಾತ್ರಿ ಹತ್ರ ಹೋಪುದಾರೆ ನನ್ನೂ ಕರ್ಕಂಡ್ ಹೋಗ್."

ಸೊಸೆ ರಟ್ಟೆ ಬಿಟ್ಟಳು. ಮಗುವಿನ ಶಾಲೆ ನಿಲ್ಲಲಿಲ್ಲ. ಅಲ್ಲಿ ಹರಿವಾಣಕ್ಕೆ ಮರಳು ಹಾಕಿ ಬೆರಳಲ್ಲಿ ತಿದ್ದಿಸಿದರು. ಈಗ ಬರೆಯುತ್ತಾಳೆ, ಸೊಟ್ಟವೇ.

ಆದರೆ ನನ್ನನ್ನು ನೋಡಿ ಕಲಿತಳು ಎನ್ನೋಣವೆಂದರೆ, ನಾನು ಬರೆಯುವುದನ್ನು ಆ ಮಗು ಆ ದಿನಕ್ಕೆ ಮೊದಲು ಕಂಡದ್ದೇ ಇಲ್ಲ. ಊಟಕ್ಕೆ ಕೂತಾಗ ಅವಳ ಕೈ ಬಟ್ಟಲಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ, ಸುತ್ತುತ್ತದೆ, ಆಮೇಲೆ ಅನ್ನಕ್ಕೆ ಇಳಿಯುತ್ತದೆ. ಎದುರು ಕೂತ ನನ್ನ ಕೈಯೂ ಆಗ ಹಾಗೇ ನಿಂತಿರುತ್ತದೆ. ನಾನು ನಿಲ್ಲಿಸಿದ್ದಲ್ಲ.