ರಿವರ್ಸ್ ತೆಗೆಯದ ಇಬ್ಬರು

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ತತ್ವಾರ ಬಂದು ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡತೊಡಗಿದಾಗ, ಚಿಕ್ಕಮಗಳೂರು–ಕಳಸ ರಸ್ತೆಯ ಎರಡು ಬಸ್ ಕಂಪನಿಗಳು ಒಂದಾದವು. ಧಣಿಗಳಿಬ್ಬರೂ ಹಾರ ಹಾಕಿಕೊಂಡು ನಗುತ್ತ ಕೂತರು. ಜಗಳ ಮಾತ್ರ ಡ್ರೈವರುಗಳ ಪಾಲಿಗೆ ಬಂತು. ಇನ್ನು ಮೇಲೆ ಸೀನಿಯರ್ ಯಾರು?

ನಾನು ಚಿಕ್ಕ ಕಂಪನಿಯವನು. ಸ್ಟೇರಿಂಗ್ ಹಿಡಿದ ದಿನದಿಂದ ಲೆಕ್ಕ ಹಾಕಿದರೆ ನಾನೇ ಹಿರಿಯ. ದೊಡ್ಡ ಕಂಪನಿಯ ಡ್ರೈವರೊಬ್ಬರು ತಾವು ಕ್ಲೀನರಾಗಿ ಬಸ್ಸು ತೊಳೆದ ವರ್ಷಗಳನ್ನೂ ಸೇರಿಸಿಕೊಂಡು ನನಗಿಂತ ಮೇಲೆ ಹೋದರು. ಬಕೆಟ್ ಹಿಡಿದದ್ದೂ ಒಂದು ಸರ್ವೀಸಾ ಎಂದು ನಾನು ಕಂಡಕಂಡವರ ಮುಂದೆ ಹಾರಾಡಿದೆ. ಧಣಿಗಳು ಅವರ ಲೆಕ್ಕವನ್ನೇ ಒಪ್ಪಿದರು. ಸೀನಿಯರ್ ಕೇಳಿದ ಲೈನು ಸೀನಿಯರ್‌ಗೆ. ಅವರು ರಾತ್ರಿ ಕಳಸದಲ್ಲಿ ತಂಗುವ ಬಸ್ಸನ್ನು ಆರಿಸಿಕೊಂಡರು, ಅಲ್ಲಿ ದೇವಸ್ಥಾನದ ಊಟ ಸಿಗುತ್ತದೆಂದು. ನನಗೆ ಚಿಕ್ಕಮಗಳೂರಿನಲ್ಲಿ ತಂಗುವ ಬಸ್ಸು.

ನನ್ನ ಮನೆ ಇದ್ದದ್ದು ಕಳಸದಲ್ಲಿ. ಹೆಂಡತಿಯ ಮೊದಲ ಹೆರಿಗೆಯ ರಾತ್ರಿ ಬಸ್ಸು ಕೆಟ್ಟು ನಾನು ಆಲ್ದೂರಿನಲ್ಲಿ ಸಿಕ್ಕಿಬಿದ್ದಿದ್ದೆ. ನನ್ನ ಮುದಿ ತಾಯಿ ಕತ್ತಲಲ್ಲಿ ಎಡವುತ್ತ ಹೋಗಿ ಸೂಲಗಿತ್ತಿಯನ್ನು ಕರೆತರುವಷ್ಟರಲ್ಲಿ ಮಗು ಹೋಗಿತ್ತು. ಈಗ ಹೆಂಡತಿ ಮತ್ತೆ ದಿನ ತುಂಬಿದವಳು. ರಜೆ ಕೇಳೋಣವೆಂದರೆ, ರಜೆ ಹಾಕಿದವನ ಬಸ್ಸು ಇನ್ನೊಬ್ಬನ ಪಾಲಾಗುತ್ತಿದ್ದ ಕಾಲ.

ಒಂದು ದಿನ ಮಧ್ಯಾಹ್ನ ನಾನು ಕಳಸ ಬಿಡುವ ಹೊತ್ತಿಗೇ ಅವಳಿಗೆ ಬೇನೆ ಶುರುವಾಗಿತ್ತು. ಹಲ್ಲುಕಚ್ಚಿ ಬಸ್ಸು ಹೊರಡಿಸಿದೆ. ಕೊಟ್ಟಿಗೆಹಾರ ಇನ್ನೂ ದೂರವಿರುವಾಗ, ನಾನು ಹತ್ತುತ್ತಿದ್ದ ಒಂದು ಕಿರಿದಾದ ಏರಿನಲ್ಲಿ, ಎದುರಿಗೆ ಆ ಸೀನಿಯರ್ ಡ್ರೈವರ ಬಸ್ಸು. ನಮ್ಮ ಘಟ್ಟದ ರಸ್ತೆಗಳಲ್ಲಿ ಏರುವವನಿಗೆ ದಾರಿ, ಇಳಿಯುವವನು ಹಿಂದೆ ಸರಿಯಬೇಕು. ಅವರು ಸರಿಯಲಿಲ್ಲ.

"ಜೂನಿಯರ್‌ಗೆ ನಾನ್ ರಿವರ್ಸ್ ತೆಗೀಬೇಕಾ?" ಎಂದರು.

ನಾನೂ ಬಿಡಲಿಲ್ಲ. ಹೆಂಡತಿ ನರಳುತ್ತಿದ್ದಾಳೆ, ನಾನು ದಾರಿಗಾಗಿ ಹಟ ಹಿಡಿದು ಕೂತಿದ್ದೇನೆ. ಜನ ಇಳಿದು ಎಲೆಅಡಿಕೆ ಹಾಕಿಕೊಂಡರು. ಎರಡೂ ಬಸ್ಸಿನ ಹಿಂದಿನ, ಗ್ಯಾಸು ಕೊಡುವ ಇದ್ದಿಲ ಒಲೆ ಮಂಕಾಗತೊಡಗಿತು.

ಕೊನೆಗೆ ನನ್ನ ಬಸ್ಸಿನಲ್ಲಿದ್ದ ನಮ್ಮ ಬೀದಿಯ ಅಜ್ಜಿಯೊಬ್ಬರು ಅವರ ಕಿಟಕಿಯ ಕೆಳಗೆ ಹೋಗಿ ನಿಂತರು. "ಅವನ ಹೆಂಡ್ತಿಗೆ ಬೇನೆ ಬಂದದೆ ಕಣಪ್ಪಾ. ಮೊದಲ್ನೇದು ಉಳೀಲಿಲ್ಲ," ಎಂದರು.

ಅವರು ಇಳಿದು ಬಂದರು. "ಎಂತಕ್ಕೆ ಹೇಳ್ಲಿಲ್ಲ ಮಾರಾಯ?"

ಅವರು ನನ್ನ ಬಸ್ಸಿನ ಬಾಗಿಲು ತೆರೆದು ಹಿಡಿದರು.

"ಸೀನಿಯರ್ ನಾನೇ. ಅದ್ರಲ್ಲಿ ಎರಡು ಮಾತಿಲ್ಲ. ಸೀನಿಯರ್ ಹೇಳ್ತಿದೀನಿ, ನನ್ನ ಬಸ್ಸು ಹತ್ತು. ಕಳಸಕ್ಕೆ ಹೋಗು. ನಿನ್ನ ಬಸ್ಸು ನಾನ್ ಒಯ್ತೀನಿ."

ಎರಡೂ ಬಸ್ಸಿನ ಕ್ಲೀನರುಗಳು ಒಲೆಯ ಫ್ಯಾನು ತಿರುಗಿಸಿ ಕೆಂಡ ಎಬ್ಬಿಸಿದರು. ನಾನು ಅವರ ಸೀಟಿನಲ್ಲಿ ಕೂತೆ. ಈಗ ಇಳಿಯುವವನು ನಾನು, ಹಿಂದೆ ಸರಿಯಬೇಕಾದವನೂ ನಾನೇ. ಗೇರಿಗೆ ಕೈ ಹಾಕಿದ್ದೆ. ಅವರು ಕಿಟಕಿಯಿಂದ ಕೈಯಾಡಿಸಿ ಬೇಡವೆಂದರು. ನನ್ನ ಬಸ್ಸನ್ನು ಆ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಹಿಂದಕ್ಕೆ ತೆಗೆದು, ಚರಂಡಿಯ ಅಂಚಿಗೆ ಒತ್ತಿ ನಿಲ್ಲಿಸಿ, ದಾರಿ ಬಿಟ್ಟರು.

ಆ ಸಂಜೆ ಸೂಲಗಿತ್ತಿಯನ್ನು ಕರೆತಂದವನು ನಾನೇ. ಮಗಳು ಹುಟ್ಟಿದಳು, ಉಳಿದಳು. ಆ ಮನುಷ್ಯನಿಗೆ ನಾನು ಇಂದಿಗೂ ಋಣಿ. ಸೀನಿಯರ್ ಯಾರೆಂಬ ತಗಾದೆ ಉಳಿದ ಡ್ರೈವರುಗಳ ನಡುವೆ ವರ್ಷಗಟ್ಟಲೆ ನಡೆಯಿತು. ಸಾಕ್ಷಿ ಹೇಳಲು ನನ್ನನ್ನೂ ಕರೆದರು. ಬಸ್ಸು ತೊಳೆದ ವರ್ಷಗಳನ್ನೂ ಸರ್ವೀಸಿಗೆ ಸೇರಿಸಲೇಬೇಕು ಎಂದು ಹೇಳಿ ಬಂದೆ.