ಕೊಳ್ಳದೆ ಹೋದವರ ಜಾಡು ಹಿಡಿದವರು

ವಾಣಿಜ್ಯಶಾಸ್ತ್ರದ ಅಧ್ಯಾಪಕರೆಂದರೆ ಜಮಾಖರ್ಚಿನ ಆಚೆಗೆ ಕಣ್ಣೆತ್ತಿ ನೋಡದವರು ಎಂಬ ಮಾತು ನಮ್ಮ ಭಾಗದಲ್ಲಿ ಇನ್ನೂ ಚಲಾವಣೆಯಲ್ಲಿದೆ. ಹಾಗೆ ಹೇಳುವವರು ಗೋಕಾಕದ ಪ್ರೊ. ಸಂಘಮಿತ್ರಾ ಉದ್ದಪ್ಪ ಮೇತ್ರಿಯವರನ್ನು ಕಂಡಿಲ್ಲವೆಂದೇ ತಿಳಿಯಬೇಕು. ಕೊಂಡವರ ಲೆಕ್ಕ ಪ್ರತಿ ಅಂಗಡಿಯಲ್ಲೂ ಇರುತ್ತದೆ; ಬಂದು, ನೋಡಿ, ಕೊಳ್ಳದೆ ಹೋದವರನ್ನು ಯಾರೂ ವಿಚಾರಿಸುವುದಿಲ್ಲ. ಅವರು ಯಾರು, ಎಲ್ಲಿ ನಿಂತರು, ಯಾಕೆ ತಿರುಗಿದರು ಎಂಬುದನ್ನು ಮೊದಲು ಸಂತೆಯ ಬೀದಿಯಲ್ಲಿ, ಆಮೇಲೆ ವೆಬ್‌ಸೈಟಿನ ಪುಟಗಳಲ್ಲಿ ಬೇಸರವಿಲ್ಲದೆ ಹುಡುಕಿದವರು ಸಂಘಮಿತ್ರಾ ಮೇಡಂ. ಆನ್‌ಲೈನ್ ಮಾರಾಟವೆಂಬುದು ಪಠ್ಯಕ್ರಮಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಹುಕ್ಕೇರಿ, ಮೂಡಲಗಿ, ಗೋಕಾಕಗಳ ಮಕ್ಕಳಿಗೆ ಅದರ ಮೂಲಪಾಠ ಹೇಳಿಕೊಟ್ಟ ಈ ಹಿರಿಯರು ಸೇವೆಯಿಂದ ನಿವೃತ್ತರಾದ ಈ ಹೊತ್ತಿನಲ್ಲಿ, ಶಿಷ್ಯರು ಅವರಿಗೆ ಒಪ್ಪಿಸುತ್ತಿರುವ ಸಂಪುಟದಲ್ಲಿ ಅವರ ಕೆಲಸದ ರೀತಿಯನ್ನು ಒಂದಿಷ್ಟು ವಿವರವಾಗಿ ಬರೆದಿಡುವುದು ಉಚಿತ. ಬರೀ ಹೊಗಳಿಕೆ ಮೇಡಂ ಅವರಿಗೆ ಒಗ್ಗದು. "ಇದಕ್ಕ ಪುರಾವೆ ಏನೈತಿ?" ಎಂದು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಪುರಾವೆ ಸಮೇತ ಬರೆಯುವುದು ಕ್ಷೇಮ.

ಧುಪದಾಳದಲ್ಲಿ, ಘಟಪ್ರಭೆಯ ಒಡ್ಡಿನ ಹತ್ತಿರದ ಓಣಿಯಲ್ಲಿ ಹುಟ್ಟಿ ಬೆಳೆದವರು ಸಂಘಮಿತ್ರಾ. ತಂದೆ ಉದ್ದಪ್ಪ, ತಾಯಿ ಕಾಡವ್ವ ಇಬ್ಬರೂ ಮಂದಿಯ ಹೊಲದಲ್ಲಿ ದುಡಿದವರು. ಬುದ್ಧವಿಹಾರದ ಸಭೆಗಳಿಗೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರಾಗಿ, ಎಂ.ಕಾಂ. ಮುಗಿಸಿ, ಅವರು ಹುಕ್ಕೇರಿಯಲ್ಲಿ ಅಧ್ಯಾಪಕಿಯಾಗಿ ಸೇರಿದರು. ಅಲ್ಲಿ ಬಾಡಿಗೆ ಮನೆ ಹುಡುಕಿದ ಕತೆಯನ್ನು ಅವರು ನಗುತ್ತಲೇ ಹೇಳುತ್ತಾರೆ. ಹೆಸರು ಹೇಳುವವರೆಗೆ ಖಾಲಿಯಿದ್ದ ಮನೆಗಳು, ಅಡ್ಡಹೆಸರು ಹೇಳಿದ ಕೂಡಲೇ ಇನ್ಯಾರಿಗೋ ಕೊಟ್ಟಾಗಿರುತ್ತಿದ್ದವು. ಕೇಳುವವರಿಗೆ ನಗು ಬರುವುದಿಲ್ಲ. ಬಂದವರು ಬಾಗಿಲಿನಿಂದ ತಿರುಗಿ ಹೋಗುವುದಕ್ಕೆ ಕಾರಣ ಬಂದವರಲ್ಲೇ ಇರಬೇಕೆಂದಿಲ್ಲ ಎಂಬ ಅರಿವು ಅವರಿಗೆ ಮೂಡಿದ್ದು ಆಗಲೇ ಎಂದು ತೋರುತ್ತದೆ.

ಹುಕ್ಕೇರಿಯಲ್ಲಿ ಅವರು ಮಾರುಕಟ್ಟೆಯ ಪಾಠವನ್ನು ಮಾರುಕಟ್ಟೆಯಲ್ಲೇ ಮಾಡಿದರು. ಒಬ್ಬ ಬಟ್ಟೆ ಅಂಗಡಿಯವರು, ಸೀರೆ ಬಿಚ್ಚಿಸಿ ನೋಡಿದ ಹೆಣ್ಣುಮಕ್ಕಳು ಹಾಗೇ ಎದ್ದು ಹೋಗುತ್ತಾರೆ, ದರ ಇಳಿಸಿದರೂ ನಿಲ್ಲುವುದಿಲ್ಲ ಎಂದು ಗೋಳು ಹೇಳಿಕೊಂಡಿದ್ದರು. ಮೇಡಂ ವಿದ್ಯಾರ್ಥಿಗಳನ್ನು ಎದುರಿನ ಕಟ್ಟೆಯ ಮೇಲೆ ಕೂರಿಸಿ ಸುಮ್ಮನೆ ನೋಡಲು ಹೇಳಿದರು. ಸೊಸೆ ಗಾದಿಯ ಮೇಲೆ ಕುಳಿತು ಸೀರೆ ನೋಡುವಾಗ, ಜೊತೆಗೆ ಬಂದ ಅತ್ತೆ ಬಿಸಿಲಲ್ಲಿ ನಿಂತಿರುತ್ತಿದ್ದಳು. ಮೊಣಕಾಲು ನೋಯತೊಡಗಿದ ಕೂಡಲೇ "ನಡೀ ಸಾಕ" ಎನ್ನುತ್ತಿದ್ದಳು. ಅಂಗಡಿಯವರು ನೆರಳಿಗೊಂದು ಬೆಂಚು ಹಾಕಿಸಿದರು, ವ್ಯಾಪಾರ ಕುದುರಿತು. ಆ ತರಗತಿಯ ವಿದ್ಯಾರ್ಥಿಗಳು ಪುಸ್ತಕದ್ದೆಲ್ಲ ಮರೆತಿರಬಹುದು; ಬೆಂಚನ್ನು ಮಾತ್ರ ಮರೆತಿಲ್ಲ.

ಮುಂದೆ ಮೂಡಲಗಿಗೆ ವರ್ಗವಾದಾಗ ಕಾಲೇಜಿಗೆ ಹೊಸದಾಗಿ ಕಂಪ್ಯೂಟರುಗಳು ಬಂದಿದ್ದವು. ಧೂಳು ಬೀಳಬಾರದೆಂದು ಅವುಗಳಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಲಾಗಿತ್ತು. ಮೇಡಂ ಜಗಳವಾಡಿ ಕೀಲಿಕೈ ಪಡೆದರು. ತಾವೂ ವಿದ್ಯಾರ್ಥಿಗಳ ಪಕ್ಕ ಕುಳಿತು ಕಲಿತರು. ತರಗತಿಯಲ್ಲಿ ತುಟಿ ಬಿಚ್ಚದೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಶೀತಲ್ ಎಂಬ ವಿದ್ಯಾರ್ಥಿನಿಗೆ ಆ ಕೀಲಿಕೈಯನ್ನೇ ಒಪ್ಪಿಸಿ, "ನಾ ಬರೂದ್ರಾಗ ತಗದ ಇಡವಾ" ಎಂದರು. ಮಾತಾಡು ಎಂದು ಒಂದು ದಿನವೂ ಒತ್ತಾಯಿಸಲಿಲ್ಲ. ಇಂದು ಶೀತಲ್ ಗೋಕಾಕದಲ್ಲಿ ಸ್ವಂತ ಕಚೇರಿ ಇಟ್ಟುಕೊಂಡು, ಸುತ್ತಲಿನ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ. ಈಗ ಅವರನ್ನು ಸುಮ್ಮನಿರಿಸುವುದೇ ಕಷ್ಟ.

ಗೋಕಾಕದ ಕಾಲೇಜಿಗೆ ಬಂದ ಮೇಲೆ ಮೇಡಂ ಅವರ ಕುತೂಹಲಕ್ಕೆ ಬಯಲು ಸಿಕ್ಕಿತು. ಕಲ್ಲೋಳಿಯ ಉತ್ಪಾದಕರ ಸಂಘವೊಂದು ಬೆಲ್ಲ, ಶೇಂಗಾ ಚಟ್ನಿ, ಖಡಕ್ ರೊಟ್ಟಿಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟಾಗ ಶೀತಲ್ ವೆಬ್‌ಸೈಟ್ ಕಟ್ಟಿದರು. ಯಾರು ಯಾವ ಪುಟಕ್ಕೆ ಬಂದರು, ಎಷ್ಟು ಹೊತ್ತು ಇದ್ದರು, ಎಲ್ಲಿಂದ ಹೊರಟುಹೋದರು ಎಂಬ ಮಾಹಿತಿಯನ್ನು ಓದಿ ಸಲಹೆ ಕೊಡುವ ಕೆಲಸವನ್ನು ಮೇಡಂ ಸಂಬಳವಿಲ್ಲದೆ ಹೊತ್ತುಕೊಂಡರು. ಬೆಲ್ಲ ಓಡಿತು, ಚಟ್ನಿ ಓಡಿತು. ರೊಟ್ಟಿ ಮಾತ್ರ ಕುಂತಲ್ಲೇ ಕುಂತಿತು.

ಸಂಘದ ಕಾರ್ಯದರ್ಶಿ ಶಿವಾನಂದ ಲೆಕ್ಕದ ಮನುಷ್ಯ. ಮಾಸಿಕ ಸಭೆಯಲ್ಲಿ ಅವರು ನೇರವಾಗಿಯೇ ಹೇಳಿದರು: "ಮೇಡಂ, ರೊಟ್ಟಿ ತಗದ ಬಿಡೂಣ್ರಿ. ಆ ಶೆಡ್ಡಿನ್ಯಾಗ ಬೆಲ್ಲದ ಪ್ಯಾಕಿಂಗ್ ಮಾಡಿದ್ರ ಜಾಗಾನಾದ್ರೂ ಉಪಯೋಗಕ್ಕ ಬರತೈತಿ."

ಬಾಗಿಲ ಬಳಿ ಕುಳಿತಿದ್ದ ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ರೊಟ್ಟಿ ಶೆಡ್ ಅವರದು, ಎಂದರೆ ಅಲ್ಲಿಯ ಒಲೆಗಳೂ ಅಲ್ಲಿ ಕೂರುವ ಹೆಣ್ಣುಮಕ್ಕಳೂ ಅವರ ಮಾತು ಕೇಳುತ್ತಿದ್ದರು. ಅದಕ್ಕೂ ಮೊದಲು ಅವರು ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದರು. ಶೆಡ್ ಹೋದರೆ ಸವೆದ ಸೊಂಟ ಹೊತ್ತು ಮತ್ತೆ ಅಲ್ಲಿಗೇ ಹೋಗಬೇಕಿತ್ತು. ಮೇಡಂ ಶಂಕ್ರವ್ವನವರ ಮುಖ ನೋಡಿದರು. "ಕೊಂಡವರನ್ನಷ್ಟ ನೋಡಬ್ಯಾಡ್ರಿ, ಶಿವಾನಂದ. ನೋಡಾಕ ಬರೋ ಮಂದಿ ಹೆಚ್ಚಾದ್ರ ಮುಂದ ಕೊಳ್ಳೋ ಮಂದೀನೂ ಬರತಾರ. ಸ್ವಲ್ಪ ದಿನಾ ಕಾಯೂಣು" ಎಂದರು. ಸಭೆ ಒಪ್ಪಿತು.

ಆಮೇಲೆ ನಡೆದದ್ದು ಯಾರೂ ಎಣಿಸದ್ದು. ರೊಟ್ಟಿಯ ಪುಟಕ್ಕೆ ಬರುವವರು ದಿನದಿಂದ ದಿನಕ್ಕೆ ಹೆಚ್ಚಿದರು. ಸಂಜೆಯಾಯಿತೆಂದರೆ ಜಾತ್ರೆ. ಎಲ್ಲಿಂದ ಬರುತ್ತಿದ್ದಾರೆ ಎಂದು ನೋಡಿದರೆ ಬಹುಪಾಲು ಬೆಂಗಳೂರು! ರಾಜಧಾನಿಗೇ ನಮ್ಮ ರೊಟ್ಟಿಯ ಹುಚ್ಚು ಹಿಡಿಯಿತೆಂದು ಶಿವಾನಂದ ಹಿಗ್ಗಿ, ಇನ್ನಷ್ಟು ಒಲೆ ಹೂಡಿಸಿ, ರೊಟ್ಟಿ ತಟ್ಟಿಸಿ ಬುಟ್ಟಿ ಬುಟ್ಟಿ ಪೇರಿಸಿದರು. ಮೇಡಂ ಕೂಡ ಬೆಳಗಾವಿಯ ವಿಚಾರ ಸಂಕಿರಣವೊಂದರಲ್ಲಿ ಏರುವ ರೇಖೆಯ ಚಿತ್ರ ತೋರಿಸಿ ಪ್ರಬಂಧ ಓದಿದರು, ಚಪ್ಪಾಳೆಯೂ ಸಿಕ್ಕಿತು. ಕೊಳ್ಳುವವರು ಮಾತ್ರ ಬರಲಿಲ್ಲ. ಮಳೆಗಾಲದ ತೇವಕ್ಕೆ ರೊಟ್ಟಿ ಮೆತ್ತಗಾಗಿ ಎಮ್ಮೆಗಳ ಪಾಲಾಯಿತು. ಈ ಸಲ ಶಿವಾನಂದರ ಸಿಟ್ಟಿಗೆ ಕಾರಣವಿತ್ತು, ಮುಂದಿನ ಸಭೆಯಲ್ಲಿ ಶೆಡ್ ಮುಚ್ಚುವುದು ಖಚಿತವೆಂದು ಎಲ್ಲರೂ ತಿಳಿದರು.

ಮೇಡಂ ಅವರಿಗೆ ಊಟ ರುಚಿಸಲಿಲ್ಲ. ಇಷ್ಟು ಮಂದಿ ಬಂದು ಯಾಕೆ ಹೊಳ್ಳಿ ಹೋಗುತ್ತಾರೆ? ದರವೋ, ಚಿತ್ರವೋ, ಪಾರ್ಸಲ್ಲಿನ ಭಯವೋ? ಅಂಕಿಗಳನ್ನು ತಿರುವಿ ಹಾಕುತ್ತಿದ್ದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದು ಸಂಜೆ ಬೆಂಗಳೂರಿನ ಆ ಗುಂಪಿನಲ್ಲಿ ಒಬ್ಬರೂ ಬಂದಿರಲಿಲ್ಲ. ಅಂದು ಬೆಂಗಳೂರಿನಲ್ಲಿ ಏನಾಗಿತ್ತೆಂದು ಶೀತಲ್ ಹುಡುಕಿದರು, ಏನೂ ಆಗಿರಲಿಲ್ಲ. ಆದರೆ ಅಂದು ಕಲ್ಲೋಳಿಯಲ್ಲಿ ಮೊಬೈಲ್ ಟವರ್ ಕೆಟ್ಟು, ಶಿವಾನಂದರಿಗೆ ಫೋನ್ ಹತ್ತದೆ ತಾವು ಒದ್ದಾಡಿದ್ದು ಮೇಡಂ ಅವರಿಗೆ ನೆನಪಾಯಿತು. ಕಲ್ಲೋಳಿಯ ಟವರ್ ಕೆಟ್ಟರೆ ಬೆಂಗಳೂರಿನವರು ಯಾಕೆ ಬರುವುದಿಲ್ಲ? ಮರುದಿನವೇ ಅವರು ಕಲ್ಲೋಳಿಯ ಬಸ್ ಹತ್ತಿದರು.

ಶೆಡ್ಡಿನಲ್ಲಿ ಶಂಕ್ರವ್ವ ಒಬ್ಬರೇ ಇದ್ದರು. ಚಹಾ ಕೊಟ್ಟು, ಮೇಡಂ ಟವರಿನ ಮಾತು ತೆಗೆದ ಮೇಲೆ ಬಾಯಿ ಬಿಟ್ಟರು. "ಖರೆ ಹೇಳ್ಲೇನ್ರಿ ಮೇಡಂ? ಅವ್ರ ಬೆಂಗಳೂರ ಮಂದಿ ಅಲ್ರಿ. ನಾವ ಅದೀವ್ರಿ. ನೋಡೋ ಮಂದಿ ಹೆಚ್ಚಾದ್ರ ಶೆಡ್ ಉಳೀತೈತಿ ಅಂತ ನೀವ ಅಂದಿದ್ರೆಲ್ಲ, ಅದಕ್ಕ ಓಣಿಗೆಲ್ಲ ಹೇಳಿನ್ರಿ, ದೀಪಾ ಹಚ್ಚಿದ ಮ್ಯಾಲ ಮೊಬೈಲಿನ್ಯಾಗ ರೊಟ್ಟಿ ಪುಟಾ ಒಮ್ಮೆ ಒತ್ತರಿ ಅಂತ. ಬಾಜೂ ಮನಿ ಲಖನ ಅಂತೂ ಅದನ್ನ ತೆರದ ಇಟ್ಟ ಊಟಾ ಮಾಡತಾನ್ರಿ. ಭಾಳ ಹೊತ್ತ ಇದ್ರ ಚಲೋ ಅಂತ ಶೀತಲಕ್ಕ ಹೇಳಿದ್ಲಲ್ರಿ."

ಊರಿನ ಮೊಬೈಲ್ ಸಂಪರ್ಕ ಯಾವ ದೊಡ್ಡ ಶಹರದ ಮೂಲಕ ಹಾದುಹೋಗುವುದೋ ಆ ಶಹರದ ಹೆಸರನ್ನೇ ವೆಬ್‌ಸೈಟ್ ಬರೆದುಕೊಂಡಿತ್ತು. ಮೇಡಂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣು ತುಂಬಿದವು. ಒಂದು ಓಣಿಯ ಅಕ್ಕರೆಯನ್ನು ಗಿರಾಕಿಗಳೆಂದು ಎಣಿಸಿ ತಾವು ಚಪ್ಪಾಳೆ ತೆಗೆದುಕೊಂಡದ್ದು ನೆನೆದು ಅವರಿಗೆ ಬಹಳ ನಾಚಿಕೆಯಾಯಿತು.

"ಇನ್ನ ಒತ್ತಬ್ಯಾಡ್ರಿ ಶಂಕ್ರವ್ವ. ಈ ಗದ್ದಲದಾಗ ಖರೆ ಗಿರಾಕಿ ಏನ ಕೇಳಾಕತ್ತಾರ ಅನ್ನೂದ ನನಗ ತಿಳೀವಲ್ದು."

"ಒತ್ತೂದ ಬಿಟ್ರ ಶೆಡ್ ಹೋಗತೈತಲ್ರಿ?"

"ಹೋದ್ರೂ ಹೋಗಬಹುದ್ರಿ," ಎಂದರು ಮೇಡಂ. ಸುಳ್ಳು ಧೈರ್ಯ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಶಂಕ್ರವ್ವ ಆ ಸಂಜೆಯೇ ಓಣಿಗೆಲ್ಲ ಬೇಡವೆಂದು ಹೇಳಿಬಂದರು.

ಅದೇ ವಾರ ಮೇಡಂ ಸಂಕಿರಣದವರಿಗೆ ಬರೆದು ತಮ್ಮ ಪ್ರಬಂಧವನ್ನು ಹಿಂತೆಗೆದುಕೊಂಡರು. ಸಂಘದ ಸಭೆಯಲ್ಲಿ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿ, ತಪ್ಪು ತಮ್ಮ ಮಾತಿನದೆಂದು ಒಪ್ಪಿಕೊಂಡು, ಒಂದೇ ಒಂದು ತಿಂಗಳ ಅವಕಾಶ ಕೇಳಿಕೊಂಡರು. ಶಿವಾನಂದ ಒಲ್ಲದ ಮನಸ್ಸಿನಿಂದ ಹೂಂ ಎಂದರು.

ಓಣಿಯ ಮಂದಿ ಸರಿದ ಮೇಲೆ ಪುಟದಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಆದರೆ ಈ ಕೆಲವರ ನಡೆ ಬಹಳ ಸೋಜಿಗದ್ದಾಗಿತ್ತು. ಪುಣೆ, ಹೈದರಾಬಾದುಗಳಿಂದ ಬರುವ ಇವರು ರೊಟ್ಟಿಯ ದರದ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಶೀತಲ್ ಅಲಂಕಾರಕ್ಕೆಂದು ಹಾಕಿದ್ದ ಪುಟ್ಟ ವಿಡಿಯೋದಲ್ಲಿ ಶಂಕ್ರವ್ವ ಪರಾತದಲ್ಲಿ ಹಿಟ್ಟಿಗೆ ಬಿಸಿನೀರು ಹೊಯ್ದು ನಾದುವ ಜಾಗ ಒಂದಿದೆಯಲ್ಲ, ಅಲ್ಲಿಗೆ ಬಂದು ನಿಲ್ಲಿಸುತ್ತಿದ್ದರು, ಹಿಂದಕ್ಕೆ ಎಳೆದು ಮತ್ತೆ ನೋಡುತ್ತಿದ್ದರು. ಒಬ್ಬರಲ್ಲ, ಬಂದವರೆಲ್ಲ.

ಇವರು ಇಂಟರ್ನೆಟ್ಟಿನಲ್ಲಿ ಎಲ್ಲಿ ಹೋದರೂ ರೊಟ್ಟಿಯ ಜಾಹೀರಾತು ಕಾಣುವ ಹಾಗೆ ಮಾಡೋಣವೇ ಎಂದು ಶೀತಲ್ ಕೇಳಿದರು. ಈಗಿನ ಕಾಲದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಮೇಡಂ ಒಪ್ಪಲಿಲ್ಲ. "ಬ್ಯಾಡವಾ. ಅವರಿಗೆ ಏನ ಬೇಕು ಅನ್ನೂದ ನಮಗ ಇನ್ನೂ ಗೊತ್ತಿಲ್ಲ, ಬೆನ್ನ ಹತ್ತಿ ಏನ ಕೊಡತಿ? ಕೇಳೂಣು." ವಿಡಿಯೋದ ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಮಾತು ಬರೆಸಿದರು: ಇಲ್ಲಿ ನಿಮಗೆ ಬೇಕಾದದ್ದು ಏನು ಸಿಗಲಿಲ್ಲ? ಮನಸ್ಸಿದ್ದರೆ ತಿಳಿಸಿ; ಹೆಸರು ಬೇಕಾಗಿಲ್ಲ.

ಎಷ್ಟೋ ದಿನ ಯಾರೂ ಬರೆಯಲಿಲ್ಲ. ಸಭೆ ಹತ್ತಿರ ಬಂತು. ಕೊನೆಗೆ ಪುಣೆಯಿಂದ ಒಂದು ಉತ್ತರ ಬಂತು: "ರೊಟ್ಟಿ ಬ್ಯಾಡ್ರಿ. ಮಾಡೂದ ಕಲೀಬೇಕ್ರಿ. ಬಡಿಯಾಕ ಹತ್ತಿದ್ರ ಅಂಚ ಒಡೀತಾವು. ನಮ್ಮವ್ವ ಇರೂತನಕ ಕಲೀಲಿಲ್ಲ." ಅದರ ಹಿಂದೆಯೇ ಇನ್ನೂ ಕೆಲವು ಬಂದವು, ಎಲ್ಲರದೂ ಒಡೆಯುವ ರೊಟ್ಟಿಯ ಸಂಕಟವೇ. ಮೇಡಂ ಆ ಉತ್ತರಗಳನ್ನು ಶೆಡ್ಡಿನಲ್ಲಿ ಕುಳಿತು ಓದಿ ಹೇಳಿದಾಗ ಶಂಕ್ರವ್ವ, "ಶಹರದ ಹಿಟ್ಟ ಹಳೇದ ಇರತೈತ್ರಿ, ಜಿಗಿ ಹೋಗಿರತೈತಿ. ಯಾರ ನಾದಿದ್ರೂ ಒಡಿಯೂದ" ಎಂದು ಮರುಗಿದರು. ಮೇಡಂ ಎದ್ದು ನಿಂತುಬಿಟ್ಟರು. ಕಲಿಯಲು ಬಂದವರಿಗೆ ತಾವು ಇಷ್ಟು ದಿನ ತಿನ್ನಲು ಕೊಡಲು ಹೊರಟಿದ್ದರು!

ಸಭೆಯ ಹೊತ್ತಿಗೆ ಪುಟ ಬದಲಾಗಿತ್ತು. ವಿಡಿಯೋ ಮೇಲಕ್ಕೆ ಬಂತು, ಅದರ ಕೆಳಗೆ ಜೋಳದ ಹಿಟ್ಟು: ಆರ್ಡರ್ ಬಂದ ಮೇಲೆಯೇ ಬೀಸಿ ಕಳಿಸುವಂಥದ್ದು. ಹಿಟ್ಟು ತರಿಸಿಕೊಂಡವರಿಗೆ ವಾರಕ್ಕೊಮ್ಮೆ ಮೊಬೈಲಿನಲ್ಲಿ ಶಂಕ್ರವ್ವನವರ ಪಾಠ. ಸಭೆ ಕೂತಾಗ ಆರ್ಡರುಗಳು ಆಗಲೇ ಬಂದಿದ್ದವು. ಶಿವಾನಂದ ಅವನ್ನು ಎರಡೆರಡು ಸಲ ನೋಡಿ, ಬೆಲ್ಲದ ಪ್ಯಾಕಿಂಗಿಗೆ ಬೇರೆ ಜಾಗ ಹುಡುಕುವುದಾಗಿ ಹೇಳಿದರು. ಈಗ ಯಾರಾದರೂ ಕೇಳಿದರೆ, ಹಿಟ್ಟಿನ ಉಪಾಯ ತಮಗೂ ಮೊದಲೇ ಹೊಳೆದಿತ್ತು ಎನ್ನುತ್ತಾರೆ. ಮೇಡಂ ತಕರಾರು ಮಾಡುವುದಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷದ ಹೊಸ ವಿದ್ಯಾರ್ಥಿಗಳಿಗೆ ಅವರು ಮೊದಲ ದಿನ ಹೇಳಿದ್ದು ತಮ್ಮ ಈ ತಪ್ಪಿನ ಕತೆಯನ್ನೇ. ಅದನ್ನು ಕೇಳಿ ಕಲಿತವರು ಇಂದು ಎಲ್ಲೆಲ್ಲೋ ದೊಡ್ಡ ಕೆಲಸಗಳಲ್ಲಿದ್ದಾರೆ. ಮೇಡಂ ಅವರಿಗೆ ಆಯುಷ್ಯ, ಆರೋಗ್ಯಗಳು ಬೇಕಾದಷ್ಟು ಒದಗಲಿ, ಕಣ್ಣು ಮಂಜಾಗದಿರಲಿ, ಯಾಕೆ ಎಂದು ಕೇಳುವ ಚಟ ಎಂದೂ ಬಿಡದಿರಲಿ, ಸುತ್ತಲಿನ ಊರುಗಳ ಸಣ್ಣ ವ್ಯಾಪಾರಿಗಳಿಗೆ ಅವರ ಮನೆಯ ಬಾಗಿಲು ಇನ್ನು ದಿನವಿಡೀ ತೆರೆದಿರಲಿ ಎಂಬುದು ಅವರೆಲ್ಲರ ಒಕ್ಕೊರಲಿನ ಹಾರೈಕೆ.

ಕಳೆದ ತಿಂಗಳು ಕಾಲೇಜಿನ ಸಭಾಂಗಣದಲ್ಲಿ ಬೀಳ್ಕೊಡುಗೆ ನಡೆದಾಗ ಕಲ್ಲೋಳಿಯಿಂದ ಒಂದು ಟೆಂಪೋ ತುಂಬ ಮಂದಿ ಬಂದಿಳಿದರು. ಶಂಕ್ರವ್ವ ಇರಲಿಲ್ಲ. ಗಣ್ಯರು ಭಾಷಣ ಮಾಡುತ್ತಿದ್ದರೆ ಮೇಡಂ ಅವರ ಕಣ್ಣು ಮತ್ತೆ ಮತ್ತೆ ಬಂದವರ ಸಾಲಿನ ಮೇಲೆ ಓಡುತ್ತಿತ್ತು. ಕೊನೆಗೆ ತಡೆಯಲಾರದೆ ವೇದಿಕೆಯ ಮೇಲಿಂದಲೇ ಶಿವಾನಂದರನ್ನು ಕರೆದು ಕೇಳಿದರು. ಶಿವಾನಂದ ಫೋನ್ ಹಚ್ಚಿ ಕೊಟ್ಟರು. ಆ ಕಡೆಯಿಂದ ಗಡಿಬಿಡಿಯ ದನಿ ಕೇಳಿಸಿತು:

"ಸಿಟ್ಟ ಆಗಬ್ಯಾಡ್ರಿ ಮೇಡಂ, ನನ್ನ ಕ್ಲಾಸ್ ನಡದೈತ್ರಿ! ಹೊಸಾ ಮಂದಿ ಹಿಟ್ಟಿನ್ಯಾಗ ಕೈ ಇಟ್ಟ ಕುಂತಾರ, ನಡುವ ಬಿಟ್ಟ ಹೆಂಗ ಬರ್ಲ್ರಿ? ಈಗ ಇಡತೇನ್ರಿ."

ಫೋನ್ ಕಟ್ಟಾಯಿತು. ಮಾತಾಡುತ್ತಿದ್ದ ಗಣ್ಯರು ಮಾತು ನಿಲ್ಲಿಸಿ ಕಾಯುತ್ತಿದ್ದರು. ಮೇಡಂ ಕೊರಳಿನ ಹಾರ ಸರಿಪಡಿಸಿಕೊಂಡು, ಒದ್ದೆ ಕಣ್ಣಿನಿಂದ ಸಭೆಯನ್ನೆಲ್ಲ ನೋಡಿ, "ಅವ್ರು ಬರೂದಿಲ್ಲಂತ್ರಿ, ಕ್ಲಾಸ್ ಐತಂತ," ಎಂದು ತಮಗೆ ಸಿಕ್ಕ ದೊಡ್ಡ ಬಹುಮಾನವನ್ನು ಸಾರುವವರ ಹಾಗೆ ಹೇಳಿದರು.